ಇಂಧನ ಕೋಶದ ಕಾರ್ಬನ್ ಪೇಪರಿನಲ್ಲಿ ಇಲ್ಲದ ನೀರು ಕಾಣಿಸುತ್ತಿದೆ

ಪ್ರಶ್ನೆ:
ನಮಸ್ಕಾರ. ಹೈಡ್ರೋಜನ್ ಇಂಧನ ಕೋಶದ ಕಾರ್ಬನ್ ಪೇಪರಿನೊಳಗೆ (ಅನಿಲ ಹಾಯುವ, ಇಂಗಾಲದ ಎಳೆಗಳ ಹಾಳೆ) ನೀರು ಎಲ್ಲಿ ನಿಲ್ಲುತ್ತದೆ ಎಂದು ಎಕ್ಸ್-ರೇ ಟೋಮೋಗ್ರಫಿಯಲ್ಲಿ, ಅಂದರೆ ಹಲವು ಕೋನಗಳಿಂದ ತೆಗೆದ ಚಿತ್ರಗಳಿಂದ ಒಳಗಿನ ಮೂರು ಆಯಾಮದ ನೋಟ ಕಟ್ಟುವ ವಿಧಾನದಲ್ಲಿ, ನೋಡುತ್ತಿದ್ದೇನೆ. ಕೋಶವನ್ನು ಜೋಡಿಸಿದ ಕೂಡಲೇ ಒಂದು ಸ್ಕ್ಯಾನ್, ಎರಡು ಗಂಟೆ ನಡೆಸಿದ ಮೇಲೆ ಇನ್ನೊಂದು ಸ್ಕ್ಯಾನ್ ತೆಗೆದು, ಎರಡನೆಯದರಿಂದ ಮೊದಲನೆಯದನ್ನು ಕಳೆದೆ. ಪ್ರತಿ ಎಳೆಯ ಒಂದು ಬದಿಗೆ ಬಿಳಿ ಗೆರೆ, ಮತ್ತೊಂದು ಬದಿಗೆ ಕಪ್ಪು ಗೆರೆ ಬಂದಿದೆ. ಬಿಳಿಯದನ್ನೆಲ್ಲ ತಂತ್ರಾಂಶವು ನೀರೆಂದೇ ಎಣಿಸುತ್ತಿದೆ. ಏನು ಮಾಡಲಿ?

ಉತ್ತರ:
ಜೋಡಿ ಗೆರೆಗಳು ಅಕ್ಕಪಕ್ಕದ ಎಳೆಗಳಲ್ಲೆಲ್ಲ ಒಂದೇ ದಿಕ್ಕಿಗೆ ಇದ್ದರೆ, ಎರಡು ಸ್ಕ್ಯಾನುಗಳ ನಡುವೆ ಎಳೆಗಳೇ ಜರುಗಿವೆ ಎಂದು ತಿಳಿಯಿರಿ. ನೀರು ಹೀರಿದ ಮೆಂಬ್ರೇನ್ (ಕೋಶದ ನಡುವಿನ ತೆಳು ಪೊರೆ) ಉಬ್ಬಿ, ತನ್ನ ಎರಡೂ ಬದಿಯ ಪೇಪರನ್ನು ಒತ್ತುತ್ತದೆ. ಎಳೆಯ ದಪ್ಪವೇ ಸುಮಾರು 7ರಿಂದ 10 ಮೈಕ್ರಾನ್ ಇರುವಾಗ ಎರಡು ಮೈಕ್ರಾನ್ ಸರಿದರೂ ಸಾಕು, ಲೆಕ್ಕ ಕೆಡುತ್ತದೆ. ಅದರಲ್ಲೂ ನೀರು ಮತ್ತು ಇಂಗಾಲ ಎಕ್ಸ್-ರೇಯನ್ನು ತಡೆಯುವ ಪ್ರಮಾಣದಲ್ಲಿ ಹೆಚ್ಚು ಅಂತರವಿಲ್ಲದ ಕಾರಣ, ಸರಿದ ಎಳೆಯನ್ನೂ ನೀರನ್ನೂ ಬೂದುಬಣ್ಣದ ಮಟ್ಟದಿಂದಷ್ಟೇ ಬೇರ್ಪಡಿಸಲಾಗದು.

ಆದ್ದರಿಂದ ಜೋಡಿಸಿದ ಕೂಡಲೇ ತೆಗೆದ ಸ್ಕ್ಯಾನನ್ನು ಆಧಾರವಾಗಿ ಬಳಸಬೇಡಿ. ಕೋಶವನ್ನು ಒಮ್ಮೆ ನಡೆಸಿ, ಅದೇ ಉಷ್ಣತೆಯಲ್ಲಿ ತೇವಾಂಶವುಳ್ಳ, ಆದರೆ ಹನಿಗಟ್ಟುವಷ್ಟು ತೇವವಿಲ್ಲದ ಸಾರಜನಕವನ್ನು ಹಾಯಿಸಿದರೆ, ಪೇಪರಿನ ದ್ರವನೀರು ಹೊರಟುಹೋಗುತ್ತದೆ, ಮೆಂಬ್ರೇನ್ ಮಾತ್ರ ಬಹುಮಟ್ಟಿಗೆ ಉಬ್ಬಿಯೇ ಇರುತ್ತದೆ. ಆಗ ತೆಗೆದ ಸ್ಕ್ಯಾನನ್ನು ಕಳೆಯಿರಿ. ಎರಡು ಸ್ಕ್ಯಾನುಗಳನ್ನು ಒಂದರ ಮೇಲೊಂದು ಹೊಂದಿಸುವಾಗಲೂ ಇಡೀ ಕೋಶವನ್ನು ಒಟ್ಟಾಗಿ ಹೊಂದಿಸದೆ, ಆನೋಡ್ ಬದಿಯ ಪೇಪರನ್ನೂ ಕ್ಯಾಥೋಡ್ ಬದಿಯದನ್ನೂ ಪ್ರತ್ಯೇಕವಾಗಿ ಹೊಂದಿಸಿ. ಕೊನೆಗೆ ಗಟ್ಟಿ ಗ್ರ್ಯಾಫೈಟ್ ದಿಂಡುಗಳ (ಅನಿಲದ ಕಾಲುವೆಗಳ ನಡುವೆ ಪೇಪರನ್ನು ಒತ್ತಿಹಿಡಿಯುವ ಏಣುಗಳು) ಒಳಗೆ ಎಷ್ಟು ನೀರು ಎಣಿಕೆಯಾಗಿದೆ ನೋಡಿ. ಅಲ್ಲಿಗೆ ನೀರು ಹೋಗಲಾರದು. ಅಲ್ಲಿ ಬಂದದ್ದೆಲ್ಲ ನಿಮ್ಮ ವಿಧಾನದ ದೋಷವೇ.

ಪ್ರಶ್ನಿಸಿದವರು:
ಧನ್ಯವಾದ ಸರ್, ಜೋಡಿ ಗೆರೆಗಳು ಹೋದವು. ಆದರೆ ದಿಂಡುಗಳ ಕೆಳಗಿನ ಪೇಪರಿನಲ್ಲಿ ಅಂಚಿಲ್ಲದ ಮಸುಕು ಉಳಿದಿದೆ. ನ್ಯೂಟ್ರಾನ್ ಚಿತ್ರಣಕ್ಕೆ ಹೋಗಬೇಕೇ?

ಉತ್ತರ:
ದಿಂಡಿನ ಕೆಳಗೆ ನೀರು ನಿಲ್ಲುವುದು ಸಹಜ, ಆ ಮಸುಕು ನಿಜವಾದ ನೀರೇ ಇರಬಹುದು. ಸ್ಕ್ಯಾನ್ ಮುಗಿಯುವ ಮೊದಲೇ ಅದು ಜಾಗ ಬದಲಿಸಿರುವ ಸಾಧ್ಯತೆ ಹೆಚ್ಚು. ಆರಂಭದ ಕೋನದಲ್ಲೇ ಕೊನೆಗೆ ಮತ್ತೊಂದು ಚಿತ್ರ ತೆಗೆದು ಹೋಲಿಸಿ. ಎರಡೂ ಹೊಂದದಿದ್ದರೆ ಸ್ಕ್ಯಾನಿನ ಅವಧಿಯನ್ನು ಕಡಿಮೆ ಮಾಡಲೇಬೇಕು. ಕಿರಣದ ತೀವ್ರತೆಯನ್ನು ಏರಿಸುವ ಮುನ್ನ ಎಚ್ಚರವಿರಲಿ: ಎಕ್ಸ್-ರೇ ಮೆಂಬ್ರೇನನ್ನು ಹಾಳುಗೆಡವುತ್ತದೆ, ಹಾಗಾಗಿ ಪ್ರತಿ ಸ್ಕ್ಯಾನಿನ ಹಿಂದೆ ಮುಂದೆ ಕೋಶದ ವೋಲ್ಟೇಜನ್ನು ಬರೆದಿಡಿ.

ನ್ಯೂಟ್ರಾನುಗಳನ್ನು ನೀರಿನ ಹೈಡ್ರೋಜನ್ ಬಲವಾಗಿ ಚದುರಿಸುತ್ತದೆ, ಅಲ್ಯೂಮಿನಿಯಂ ಬಹುತೇಕ ಹಾಯಲು ಬಿಡುತ್ತದೆ. ಹಾಗಾಗಿ ಲೋಹದ ಕವಚದೊಳಗಿನ ಒಟ್ಟು ನೀರನ್ನು ಅಳೆಯಲು ಅದು ಸೊಗಸಾದ ಮಾರ್ಗ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ಎರಡೂ ವಿಧಾನಗಳು ಬಳಕೆಯಲ್ಲಿವೆ. ಆದರೆ ಎಳೆಗಳ ನಡುವಿನ ಒಂದೊಂದು ಹನಿಯನ್ನು ಕಾಣಬೇಕೆಂಬ ನಿಮ್ಮ ಉದ್ದೇಶಕ್ಕೆ ನ್ಯೂಟ್ರಾನ್ ಚಿತ್ರಣವು ತೋರುವ ಸಣ್ಣ ವಿವರ ಸಾಮಾನ್ಯವಾಗಿ ಸಾಲದು. ಎಕ್ಸ್-ರೇಯಲ್ಲೇ ಮುಂದುವರಿಯಿರಿ.