ಮಳೆಗಾಲದಲ್ಲಿ ಪ್ಲಗ್ ಪದೇ ಪದೇ ಕಪ್ಪಾಗುತ್ತಿದೆ: 100 ಸಿಸಿ ಟೂ-ಸ್ಟ್ರೋಕ್ ಡರ್ಟ್ ಬೈಕ್

ಮಡಿಕೇರಿಯಿಂದ ಪ್ರಶ್ನೆ

ತೋಟದೊಳಗೆ, ಗಾಳಿಬೀಡು ಕಡೆಯ ಮಣ್ಣು ದಾರಿಯಲ್ಲಿ ಓಡಿಸುವ ಗಾಡಿ. ಆಯಿಲ್ ಪಂಪ್ ತೆಗೆದಿದೆ, ಪೆಟ್ರೋಲಿಗೇ ಲೀಟರಿಗೆ 40 ಮಿಲಿ ಟೂ-ಟಿ ಆಯಿಲ್ ಬೆರೆಸುತ್ತೇನೆ. ಬೋರ್ ಮಾಡಿಸಿ ಕಾರ್ಬ್ಯುರೇಟರ್ ಸೆಟ್ ಮಾಡಿಸಿದ್ದು ಮಂಗಳೂರಿನಲ್ಲಿ. ಫಸ್ಟ್, ಸೆಕೆಂಡ್ ಗೇರಿನಲ್ಲಿ ನಿಧಾನ ಹೋಗುವಾಗ ಮಿಸ್ ಹೊಡೆದು ಆಫ್ ಆಗುತ್ತದೆ. ಪ್ಲಗ್ ಬಿಚ್ಚಿದರೆ ಕಪ್ಪು, ಒದ್ದೆ. ಹೊಸದು ಹಾಕಿದರೆ ಸ್ವಲ್ಪ ದಿನ ಸರಿ. ಒಂದು ನಂಬರ್ ಬಿಸಿ ಪ್ಲಗ್ (ತುದಿ ಹೆಚ್ಚು ಬಿಸಿಯಾಗಿ ಉಳಿಯುವಂಥದ್ದು) ಹಾಕಿದರೆ ಸಾಕಾ ಅಣ್ಣ?

ಗೋಣಿಕೊಪ್ಪದಿಂದ ಉತ್ತರ

ಬಿಸಿ ಪ್ಲಗ್ ಸದ್ಯಕ್ಕೆ ಬೇಡ. ರೋಗ ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟ ಹಾಗಾಗುತ್ತದೆ. ಮೊದಲು ಒದ್ದೆ ಯಾವುದರದ್ದು ಅಂತ ನೋಡಿ. ಪ್ಲಗ್ಗಿನ ತುದಿಯನ್ನು ಬಿಳಿ ಬಟ್ಟೆಗೆ ಒತ್ತಿ, ಐದು ನಿಮಿಷ ಬಿಡಿ. ಕಲೆ ಹೆಚ್ಚುಕಡಿಮೆ ಆರಿಹೋದರೆ ಪೆಟ್ರೋಲ್, ಅಂದರೆ ಮಿಕ್ಸ್ಚರ್ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ). ಜಿಡ್ಡಿನ ಕಲೆ ದಟ್ಟವಾಗಿ ಉಳಿದರೆ ಆಯಿಲ್.

ಆಯಿಲ್ ಆದರೆ ಗೇರ್‌ಬಾಕ್ಸ್ ಆಯಿಲನ್ನು ಅಳತೆಯ ಜಾರಿಗೆ ಇಳಿಸಿ ನೋಡಿ. ಹೊರಗೆ ಎಲ್ಲೂ ಸೋರದೆ ಕಡಿಮೆಯಾಗಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಸುತ್ತಲಿನ ರಬ್ಬರ್ ತಡೆ) ಹೋಗಿದೆ, ಕ್ರ್ಯಾಂಕ್‌ಕೇಸ್ ಅದನ್ನು ಎಳೆದುಕೊಂಡು ಸುಡುತ್ತಿದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಲಕ್ಷಣ ಉಲ್ಟಾ: ಗಾಳಿ ಎಳೆದು ಐಡ್ಲಿಂಗ್ ತಾನೇ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ.

ಪ್ಲಗ್ಗಿನ ಪಿಂಗಾಣಿ ಮೂಗು ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ತೋಟದ ನಡಿಗೆ ವೇಗದಲ್ಲಿ ಅಷ್ಟು ಬಿಸಿ ಏರುವುದಿಲ್ಲ. ಮಸಿ ಕರೆಂಟನ್ನು ಹಾಯಿಸುವುದರಿಂದ ಕಾಯಿಲಿನ ವೋಲ್ಟೇಜ್ ಗ್ಯಾಪ್ ಹಾರದೆ ಮೂಗಿನ ಮೇಲೆ ಹರಿದು ಪ್ಲಗ್ಗಿನ ಲೋಹದ ಮೈಗೆ ಇಳಿದುಹೋಗುತ್ತದೆ. ಹೊರಗೆ ತೆಗೆದು ಕಿಕ್ ಹೊಡೆದಾಗ ಕಿಡಿ ಕಂಡರೂ ಒಳಗಿನ ಒತ್ತಡದಲ್ಲಿ ಬರದೇ ಇರಬಹುದು. ಅದಕ್ಕೇ ‘ಕರೆಂಟ್ ಇದೆಯಲ್ಲ’ ಅಂತ ಮೋಸ ಹೋಗುವವರು ಜಾಸ್ತಿ.

40 ಮಿಲಿ ಅಂದರೆ 25ಕ್ಕೆ 1. ಬೋರ್ ಮಾಡಿಸಿದ ಮೇಲಿನ ರನ್ನಿಂಗ್-ಇನ್‌ಗೆ (ಹೊಸ ಭಾಗಗಳು ಪಳಗುವ ಕಾಲಕ್ಕೆ) ಸರಿ, ಅದು ಮುಗಿದ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ (ಟೂ-ಸ್ಟ್ರೋಕ್ ಆಯಿಲಿನ ಜಪಾನಿ ಗುಣಮಟ್ಟದ ದರ್ಜೆಗಳು) ಆಯಿಲ್ ಆದರೆ ಸಾಮಾನ್ಯವಾಗಿ 25ರಿಂದ 30 ಮಿಲಿ ಸಾಕು. ಆದರೆ ಆಯಿಲ್ ಕಡಿಮೆ ಮಾಡಿದಷ್ಟೂ ಅದೇ ಜೆಟ್ಟಿನಲ್ಲಿ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಪೆಟ್ರೋಲ್ ಪಾಲು ಏರಿ ಇನ್ನೂ ಸ್ವಲ್ಪ ರಿಚ್ ಆಗುತ್ತದೆ, ಹಾಗಾಗಿ ಜೆಟ್ಟಿಂಗ್ ಮುಟ್ಟದೆ ಇರುವಂತಿಲ್ಲ.

ಸುಂಟಿಕೊಪ್ಪದಿಂದ

ಮಂಗಳೂರು ಸೆಟ್ಟಿಂಗ್ ಅಂದಮೇಲೆ ನನ್ನ ಅನುಮಾನ ಅದರ ಮೇಲೇ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತು ಶೇಕಡಾದಷ್ಟು ಕಡಿಮೆ, ಜೆಟ್ಟಿನಿಂದ ಬರುವ ಪೆಟ್ರೋಲ್ ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಖಚಿತಪಡಿಸಿಕೊಳ್ಳಲು ಬಿಸಿ ಗಾಡಿ ಓಡುತ್ತಿರುವಾಗಲೇ ಪೆಟ್ರೋಲ್ ಟ್ಯಾಪ್ ಆಫ್ ಮಾಡಿ, ಮಿಸ್ ಹೊಡೆಯುವ ಥ್ರಾಟಲ್‌ನಲ್ಲೇ ನಿಧಾನ ಹೋಗಿ. ಕಾರ್ಬ್ಯುರೇಟರಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿಯಾಗುತ್ತಾ ಬಂದಾಗ ಮಿಸ್ ಮಾಯವಾಗಿ ಇಂಜಿನ್ ಗರಿಗೆದರಿದರೆ ರಿಚ್ಚೇ. ಕೂಡಲೇ ಟ್ಯಾಪ್ ಆನ್ ಮಾಡಿ, ಲೀನ್‌ನಲ್ಲಿ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಎಳೆಯಬೇಡಿ.

ಜೆಟ್ ಮುಟ್ಟುವ ಮೊದಲು ಏರ್ ಫಿಲ್ಟರ್ ನೋಡಿ. ಫೋಮ್ ಮಳೆನೀರು ಕುಡಿದಿದ್ದರೂ, ಆಯಿಲ್ ಹಾಕಿ ಹಿಂಡದೆ ಕೂರಿಸಿದ್ದರೂ ಉಸಿರು ಕಟ್ಟುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ, ಆಯಿಲ್ ಹಚ್ಚಿ, ತಿರುಚದೆ ಒತ್ತಿ ಹಿಂಡಿ. ಚೋಕ್ ಪ್ಲಂಜರಿನ ಅಡಿಯ ರಬ್ಬರ್ ಗಟ್ಟಿಯಾಗಿ ಗೆರೆ ಬಿದ್ದಿದ್ದರೆ ಚೋಕ್ ಹಾಕದೆಯೂ ಪೆಟ್ರೋಲ್ ಸೋರುತ್ತದೆ. ಫ್ಲೋಟ್ ನೀಡಲಿನ (ಬೌಲಿಗೆ ಬರುವ ಪೆಟ್ರೋಲ್ ತಡೆಯುವ ಸೂಜಿ) ತುದಿಯಲ್ಲಿ ಉಂಗುರದಂತೆ ಸವೆತ ಕಂಡರೂ ಬದಲಿಸಿ.

ಮಡಿಕೇರಿಯಿಂದ

ಬಟ್ಟೆಯ ಕಲೆ ಆರಿತು. ಟ್ಯಾಪ್ ಆಫ್ ಮಾಡಿದಾಗ ಕ್ಲೀನಾಗಿ ಎಳೆಯಿತು. ಗೇರ್ ಆಯಿಲ್ ಸರಿಯಿದೆ. ಫಿಲ್ಟರ್ ತೊಳೆದೆ, ಚೋಕ್ ರಬ್ಬರ್, ಫ್ಲೋಟ್ ನೀಡಲ್ ಚೆನ್ನಾಗಿವೆ, ಆದರೂ ಮಿಸ್ ಪೂರ್ತಿ ಹೋಗಿಲ್ಲ. ಮೇನ್ ಜೆಟ್ ಚಿಕ್ಕದು ಮಾಡಲಾ?

ಗೋಣಿಕೊಪ್ಪದಿಂದ

ಮೇನ್ ಜೆಟ್ ಮುಖ್ಯವಾಗಿ ಮುಕ್ಕಾಲು ಥ್ರಾಟಲಿನ ಮೇಲೆ ಕೆಲಸ ಮಾಡುವುದು. ನಿಮ್ಮ ತೊಂದರೆ ಕಡಿಮೆ ಥ್ರಾಟಲಿನಲ್ಲಿದೆ. ಇಂಜಿನ್ ಬಿಸಿ ಮಾಡಿ ಆಫ್ ಮಾಡಿ, ಏರ್ ಸ್ಕ್ರೂವನ್ನು (ಕಡಿಮೆ ಥ್ರಾಟಲಿನ ಗಾಳಿ ಹೊಂದಿಸುವ ತಿರುಪು) ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಸ್ಟಾರ್ಟ್ ಮಾಡಿ ಕಾಲು ಕಾಲು ಸುತ್ತು ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿ. ಎರಡೂವರೆ ಸುತ್ತು ದಾಟಿದ ಮೇಲೂ ಏರುತ್ತಲೇ ಇದ್ದರೆ ಪೈಲಟ್ ಜೆಟ್ (ಐಡ್ಲಿಂಗ್, ಕಡಿಮೆ ಥ್ರಾಟಲಿಗೆ ಪೆಟ್ರೋಲ್ ಕೊಡುವ ಜೆಟ್) ಒಂದು ಸೈಜ್ ಚಿಕ್ಕದು ಹಾಕಿ. ಕಾಲಿನಿಂದ ಮುಕ್ಕಾಲು ಥ್ರಾಟಲ್‌ವರೆಗೆ ಗುಡುಗುಡು ಉಳಿದರೆ ಥ್ರಾಟಲ್ ಜೊತೆ ಏರಿಳಿಯುವ ಜೆಟ್ ನೀಡಲಿನ ಕ್ಲಿಪ್ ಒಂದು ಕಚ್ಚು ಮೇಲಕ್ಕೆ. ಕ್ಲಿಪ್ ಏರಿದರೆ ನೀಡಲ್ ಇಳಿಯುತ್ತದೆ, ಲೀನ್ ಆಗುತ್ತದೆ. ಮೇನ್ ಜೆಟ್ ಕೊನೆಗೆ, ಒಂದು ಸಲಕ್ಕೆ ಒಂದೇ ಸೈಜ್. ಪ್ಲಗ್ ಕಾಫಿ ಬಣ್ಣಕ್ಕೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಇಷ್ಟಾದರೂ ತೋಟದೊಳಗೆ ಕಪ್ಪಾದರೆ ಆಗ ಬಿಸಿ ಪ್ಲಗ್. ಎನ್‌ಜಿಕೆಯಲ್ಲಿ ನಂಬರ್ ಇಳಿದರೆ ಬಿಸಿ, ಬಾಷ್‌ನಲ್ಲಿ ನಂಬರ್ ಏರಿದರೆ ಬಿಸಿ. ಅಂಗಡಿಯಲ್ಲಿ ಇದೊಂದು ತಪ್ಪಬೇಡಿ. ಗ್ಯಾಪ್ 0.6ರಿಂದ 0.7 ಮಿ.ಮೀ. ಹಳೆ ಪ್ಲಗ್ಗನ್ನು ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ, ಪಿಂಗಾಣಿಯ ಮೇಲೆ ಲೋಹದ ಗೆರೆ ಉಳಿದು ಅದೂ ಕರೆಂಟ್ ಸೋರಿಸುತ್ತದೆ.

ಸುಂಟಿಕೊಪ್ಪದಿಂದ

ಹಳೆ ಜೆಟ್‌ಗಳನ್ನು ಎಸೆಯಬೇಡಿ. ಇಲ್ಲಿಯ ಸೆಟ್ಟಿಂಗ್‌ನಲ್ಲೇ ಸಂಪಾಜೆ ಘಾಟಿ ಇಳಿದು ಕರಾವಳಿಯಲ್ಲಿ ಫುಲ್ ಥ್ರಾಟಲ್ ಕೊಟ್ಟರೆ ಲೀನ್ ಆಗಿ ಪಿಸ್ಟನ್ ಜಾಮ್ ಆಗುತ್ತದೆ. ಇಳಿಯುವ ಮೊದಲು ಹಳೆ ಜೆಟ್, ಕ್ಲಿಪ್, ಏರ್ ಸ್ಕ್ರೂ ಮೂರನ್ನೂ ಮೊದಲಿನ ಹಾಗೆ ಮಾಡಿ.