ಹಳ್ಳಕ್ಕೆ ಬರುತ್ತಿರುವ ಪಲ್ಪಿಂಗ್ ನೀರು: ಭಾನುವಾರಕ್ಕೆ ಮೊದಲು ಮಾತಾಡೋಣ

ಮೂಲೆ ಮನೆ, 3ನೇ ಅಡ್ಡರಸ್ತೆ: ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕಾಫಿ ಕೊಯ್ಲು ಶುರುವಾದ ವಾರಕ್ಕೇ, ಮೇಲಿನ ತೋಟದವರು ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರಿನಿಂದ ಹಳ್ಳ ಮತ್ತೆ ನಾರುತ್ತಿದೆ. ಬೆಳಿಗ್ಗೆ ಮೋರಿ ಹತ್ತಿರ ಇಳಿದು ನೋಡಿದೆ. ನೀರು ಕಪ್ಪು, ಮೇಲೆ ಕಂದು ನೊರೆ, ಕಲ್ಲಿನ ಮೇಲೆ ಕಾಲಿಟ್ಟರೆ ಲೋಳೆ. ಬೆರಳುದ್ದದ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಟ್ಯಾಂಕ್ ಎದುರಿನ ಮನೆ: ಕಿಟಕಿ ತೆಗೆಯೋ ಹಾಗಿಲ್ಲ ಅಕ್ಕ. ದೋಸೆ ಹಿಟ್ಟು ವಾರಗಟ್ಟಲೆ ಮುಚ್ಚಿಟ್ಟ ಹಾಗಿದೆ ವಾಸನೆ.

12ನೇ ನಂಬರ್: ಮೇಲಿನ ತೋಟದವರ ಹತ್ತಿರ ನಿನ್ನೆ ಮಾತಾಡಿದೆ. ಮುಂದಿನ ಕೊಯ್ಲಿಗೆ ಗಾಳಿಯಾಡದ ಟ್ಯಾಂಕ್ ಕಟ್ಟಿಸಿ, ಈ ನೀರಿನಿಂದ ಹೈಡ್ರೋಜನ್ ತೆಗೆಸುತ್ತಾರಂತೆ. ಆಮೇಲೆ ಹಳ್ಳಕ್ಕೆ ಒಳ್ಳೆ ನೀರೇ ಬರುತ್ತೆ ಅಂದರು. ಒಪ್ಪಿಬಿಡೋಣ ಅಲ್ವಾ?

4ನೇ ನಂಬರ್: ಸ್ವಲ್ಪ ತಡೀರಿ ಸಾರ್. ನಾನು ಇಪ್ಪತ್ತು ವರ್ಷ ಪಲ್ಪರ್ ಅನ್ನೋ ಸಿಪ್ಪೆ ಬಿಡಿಸುವ ಯಂತ್ರದ ಪಕ್ಕದಲ್ಲೇ ನಿಂತು ಕೆಲಸ ಮಾಡಿದವನು. ಹಣ್ಣಿನ ಸಿಪ್ಪೆ ಬಿಡಿಸಿ ಬೀಜದ ಲೋಳೆ ತೊಳೆದಾಗ ಸಕ್ಕರೆ, ಪೆಕ್ಟಿನ್ ಅನ್ನೋ ಅಂಟು ಎಲ್ಲ ನೀರಿಗೆ ಇಳಿಯುತ್ತದೆ. ನಿಂತರೆ ಹುಳಿಯಾಗಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4ರ ಹತ್ತಿರ ಬರುತ್ತದೆ. ಹಳ್ಳಕ್ಕೆ ಬಿಟ್ಟರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನಿಗೆ ಉಸಿರೇ ಸಿಗುವುದಿಲ್ಲ.

ಹೈಡ್ರೋಜನ್ ಬರುವುದು ನಿಜ. ಕ್ಲಾಸ್ಟ್ರಿಡಿಯಂ ಥರದ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಅದನ್ನು ಬಿಡುತ್ತವೆ. ಆದರೆ ಜೊತೆಗೆ ಅಸಿಟಿಕ್, ಬ್ಯುಟಿರಿಕ್ ಆಮ್ಲಗಳೂ ಉಳಿಯುತ್ತವೆ. ಕೆಟ್ಟ ಬೆಣ್ಣೆ ನಾರುತ್ತಲ್ಲ, ಅದು ಬ್ಯುಟಿರಿಕ್ ಆಮ್ಲವೇ. ಒಂದು ಗ್ಲೂಕೋಸ್ ಅಣುವಿನಲ್ಲಿ 12 ಹೈಡ್ರೋಜನ್ ಅಣುವಿಗೆ ಸಾಕಾಗುವಷ್ಟು ಕಸುವಿದೆ. ಈ ದಾರಿಯಲ್ಲಿ ಸಿಗುವುದು ಹೆಚ್ಚೆಂದರೆ 4. ಮಿಕ್ಕಿದ್ದು ಹುಳಿಯಾಗಿ ನೀರಲ್ಲೇ ಇರುತ್ತದೆ. ಒಂದೇ ಟ್ಯಾಂಕ್ ಕಟ್ಟಿದರೆ ಅದು ಸೀದಾ ನಮ್ಮ ಮೋರಿಗೇ ಬರುತ್ತದೆ.

ಟ್ಯಾಂಕ್ ಎದುರಿನ ಮನೆ: ನಮ್ಮ ತವರಲ್ಲಿ ಗೋಬರ್ ಗ್ಯಾಸ್ ಇತ್ತು. ಇದೂ ಅದೇ ಅಲ್ವಾ ಅಂಕಲ್?

4ನೇ ನಂಬರ್: ಅರ್ಧ ಅದೇ ಅಮ್ಮ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಮಾಡುವ ಜೀವಿಗಳಿರುತ್ತವೆ. ಹೈಡ್ರೋಜನ್ನೂ ಹುಳಿಯನ್ನೂ ಅವು ತಿಂದು ಮುಗಿಸುತ್ತವೆ. ಹೈಡ್ರೋಜನ್ ಬೇಕಾದವರು ಟ್ಯಾಂಕಿಗೆ ಹಾಕುವ ಸಗಣಿಯನ್ನು ಮೊದಲು ಕಾಯಿಸಿ ಆ ಮೀಥೇನ್ ಜೀವಿಗಳನ್ನು ಸಾಯಿಸುತ್ತಾರೆ. ಕ್ಲಾಸ್ಟ್ರಿಡಿಯಂ ಗಟ್ಟಿ ಬೀಜಕದೊಳಗೆ ಬದುಕಿಕೊಳ್ಳುತ್ತದೆ. ಹಾಗಾಗಿ ಎರಡನೇ ಟ್ಯಾಂಕ್ ಬೇಕೇ ಬೇಕು, ಆ ಹುಳಿಯನ್ನು ಮೀಥೇನ್ ಮಾಡೋದಕ್ಕೆ. ಮೀಥೇನ್ ಜೀವಿಗಳು ಬೆಳೆಯುವುದು ನಿಧಾನ. ಕೊಯ್ಲಿಗೆ ಬಹಳ ಮೊದಲೇ ಹಸಿ ಸಗಣಿ ಹಾಕಿ ತಯಾರು ಮಾಡಿರಬೇಕು.

9ನೇ ನಂಬರ್: ಬೆಂಕಿ ಭಯ ಇಲ್ವಾ?

4ನೇ ನಂಬರ್: ಇದೆ ಮೇಡಂ. ಗಾಳಿಯಲ್ಲಿ ನೂರಕ್ಕೆ 4 ಪಾಲು ಹೈಡ್ರೋಜನ್ ಸೇರಿದರೂ ಹತ್ತಿಕೊಳ್ಳುತ್ತದೆ. ಗ್ಯಾಸ್ ಎಲ್ಲಿಡುತ್ತಾರೆ, ಮನೆಗಳಿಂದ ಎಷ್ಟು ದೂರ, ಬರೆದು ಕೊಡಲಿ.

12ನೇ ನಂಬರ್: ನಾನು ಅವಸರ ಮಾಡಿದೆ ಸಾರ್. ಎರಡು ಟ್ಯಾಂಕ್ ಅಂತಲೇ ಕೇಳೋಣ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರ ಸಲಹೆಯನ್ನೂ ಕೇಳಿ ಅಂತ ತೋಟದವರಿಗೆ ಹೇಳುತ್ತೇನೆ.

ಮೂಲೆ ಮನೆ, 3ನೇ ಅಡ್ಡರಸ್ತೆ: ಈ ಕೊಯ್ಲು ಮುಗಿಯುವವರೆಗೆ ನೀರನ್ನು ತೋಟದ ಹೊಂಡದಲ್ಲೇ ಸುಣ್ಣ ಹಾಕಿ ನಿಲ್ಲಿಸಿ ಅಂತಲೂ ಕೇಳಬೇಕು. ಮುಂದಿನ ವರ್ಷದವರೆಗೆ ಕಾಯೋಕಾಗಲ್ಲ. ಭಾನುವಾರ 9.30ಕ್ಕೆ ಮೋರಿ ಹತ್ತಿರ ಬನ್ನಿ. ಮಗಳು ಪಿಎಚ್ ಕಾಗದ ತಂದಿದ್ದಾಳೆ. ತೊಳೆದ ಖಾಲಿ ಬಾಟಲಿ ಇದ್ದರೆ ತನ್ನಿ. ತೋಟದ ನೀರು ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು ಹಿಡಿಯೋಣ.