ಮುಕ್ತ ತಂತ್ರಾಂಶಕ್ಕೆ ಹೆಸರು, ಲಾಂಛನ, ಅಡಿಬರಹ: ಸ್ವಯಂಸೇವಕರು ಎಲ್ಲಿಂದ ತೊಡಗಬೇಕು?

ಮಾಳಮಡ್ಡಿ ಓದುಗ, ಧಾರವಾಡ

ಎಲ್ಲರಿಗೂ ನಮಸ್ಕಾರ. ಶಾಲೆಗಳು ಮತ್ತು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಪುಸ್ತಕ ಎರವಲು ಕೊಟ್ಟು ಮರಳಿ ಪಡೆಯುವ ಲೆಕ್ಕವನ್ನು ಇಡಲೆಂದು ನಾವು ಏಳು ಜನ ಸೇರಿ ಎರಡು ವರ್ಷಗಳಿಂದ ಒಂದು ಚಿಕ್ಕ ತಂತ್ರಾಂಶವನ್ನು ಬರೆಯುತ್ತಿದ್ದೇವೆ. ಅಂತರ್ಜಾಲವಿಲ್ಲದ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಅದು ನಡೆಯುತ್ತದೆ, ಪರದೆಯ ಮೇಲಿನ ಮಾತೆಲ್ಲ ಕನ್ನಡದಲ್ಲಿದೆ, ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರಾದರೂ ಬಳಸಿ, ತಿದ್ದಿ, ಹಂಚಬಹುದೆನ್ನುವ ಜಿಪಿಎಲ್ ಮೂರನೆಯ ಆವೃತ್ತಿಯ ಪರವಾನಗಿಯಡಿ ಎಲ್ಲರಿಗೂ ಬಿಟ್ಟಿದ್ದೇವೆ. ಕೋಹಾದಂಥ ದೊಡ್ಡ ಮುಕ್ತ ಗ್ರಂಥಾಲಯ ತಂತ್ರಾಂಶ ಇದ್ದೇ ಇದೆ. ಆದರೆ ಅದಕ್ಕೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವವರು ಬೇಕು, ನಾನೂರು ಪುಸ್ತಕಗಳ ಒಂದು ಕೋಣೆಗೆ ಅದು ಹೊರೆಯಾಗುತ್ತದೆ.

ನಮ್ಮದಕ್ಕೆ ಇನ್ನೂ ಹೆಸರಿಲ್ಲ. ಹೆಸರು, ಲಾಂಛನ, ಅಡಿಬರಹಗಳನ್ನು ಕಳಿಸಿರೆಂದು ಕಳೆದ ತಿಂಗಳು ಗೆಳೆಯರನ್ನೂ ವಿದ್ಯಾರ್ಥಿಗಳನ್ನೂ ಕೇಳಿಕೊಂಡೆವು. ನಲವತ್ತಕ್ಕೂ ಹೆಚ್ಚು ಅಡಿಬರಹಗಳು, ಹದಿಮೂರು ಲಾಂಛನಗಳು ಬಂದವು. ಲಾಂಛನಗಳಲ್ಲಿ ಹೆಚ್ಚಿನವು ತೆರೆದ ಪುಸ್ತಕ ಮತ್ತು ಉರಿಯುವ ದೀಪ. ಒಬ್ಬ ವಿದ್ಯಾರ್ಥಿನಿ ಮಾತ್ರ ಕಸೂತಿಯ ಗೋಪುರವನ್ನು ಬರೆದು ಕಳಿಸಿದ್ದಾಳೆ. ಎಲ್ಲವನ್ನೂ ಮತಕ್ಕೆ ಹಾಕಿದಾಗ ‘ಉಚಿತ ತಂತ್ರಾಂಶ, ಜ್ಞಾನದ ಪ್ರಕಾಶ’ ಎಂಬ ಅಡಿಬರಹ ಗೆದ್ದಿತು. ಅದನ್ನು ಅಚ್ಚು ಹಾಕಿಸಿ ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಗ್ರಂಥಪಾಲಕಿಯವರಿಗೆ ತೋರಿಸಿದೆ. ಅವರು ಹಾಳೆಯನ್ನು ತಿರುವಿ ನೋಡಿ, ‘ಪುಕ್ಕಟೆ ಬಂದದ್ದು ನಾಳೆ ಕೆಟ್ಟು ನಿಂತ್ರ ಯಾರನ್ನ ಕೇಳೂದ್ರೀ?’ ಎಂದರು. ನಾವು ‘ಉಚಿತ’ ಎಂದು ಬರೆದಿದ್ದೆವು, ಅವರು ‘ಪುಕ್ಕಟೆ’ ಎಂದು ಓದಿಕೊಂಡರು. ಅಂದಿನಿಂದ ಆ ಹಾಳೆಗಳ ಕಟ್ಟು ನನ್ನ ಮೇಜಿನ ಮೇಲೆಯೇ ಇದೆ.

ಇಂಥ ಕೆಲಸವನ್ನು ಮತದಿಂದ ತೀರ್ಮಾನಿಸುವುದು ಸರಿಯೇ? ಹೆಸರು ಕನ್ನಡದಲ್ಲಿರಬೇಕೆ, ಇಂಗ್ಲಿಷಿನಲ್ಲಿರಬೇಕೆ? ಸ್ವಯಂಸೇವಕರು ಪ್ರೀತಿಯಿಂದ ಬರೆದುಕೊಟ್ಟ ಲಾಂಛನ ಮುಂದೆ ಯಾರ ಸ್ವತ್ತಾಗಿ ಉಳಿಯುತ್ತದೆ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಅನುವಾದಕಿ, ರಾಣೆಬೆನ್ನೂರು

ಸರ್, ನಿಮಗೆ ಬಂದ ನಲವತ್ತು ಅಡಿಬರಹಗಳಿಗಿಂತ ಆ ಗ್ರಂಥಪಾಲಕಿಯವರ ಒಂದು ಪ್ರಶ್ನೆ ತೂಕದ್ದು. ಹಲವು ವರ್ಷಗಳಿಂದ ಮುಕ್ತ ತಂತ್ರಾಂಶಗಳ ಮೆನುಗಳನ್ನೂ ಸಂದೇಶಗಳನ್ನೂ ಕನ್ನಡಕ್ಕೆ ತರುತ್ತಿರುವ ನನಗೆ ಈ ‘ಉಚಿತ’ದ ತೊಡಕು ದಿನವೂ ಎದುರಾಗುತ್ತದೆ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದ ಬಿಡುಗಡೆಯನ್ನೂ ಹೇಳುತ್ತದೆ, ಬೆಲೆಯಿಲ್ಲದ್ದನ್ನೂ ಹೇಳುತ್ತದೆ. ಹೀಗಾಗಿ 1983ರಲ್ಲಿ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನೇ ಮುಕ್ತವಾಗಿ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಅವರೂ ಅವರ ಜೊತೆಗಾರರೂ ತಮ್ಮದು ವಾಕ್‌ಸ್ವಾತಂತ್ರ್ಯದ ‘ಫ್ರೀ’, ಬಿಟ್ಟಿ ಬಿಯರಿನ ‘ಫ್ರೀ’ ಅಲ್ಲ ಎಂದು ಮತ್ತೆ ಮತ್ತೆ ವಿವರಿಸಬೇಕಾಯಿತು. 1998ರ ಫೆಬ್ರುವರಿಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ‘ಓಪನ್ ಸೋರ್ಸ್’ ಎಂಬ ಪದವನ್ನು ಮುಂದಿಟ್ಟದ್ದರ ಹಿಂದೆಯೂ ಇದೇ ಗೊಂದಲವಿತ್ತು. ಕನ್ನಡದಲ್ಲಿ ಮುಕ್ತ, ಉಚಿತ, ಪುಕ್ಕಟೆ, ಬಿಟ್ಟಿ ಎಂದು ಬೇರೆ ಬೇರೆ ಪದಗಳಿರುವಾಗ ಇಂಗ್ಲಿಷಿನವರ ತೊಡಕನ್ನು ನಾವು ಹೊತ್ತು ತರಬೇಕಾಗಿಲ್ಲ. ನಮ್ಮ ಭಾಗದಲ್ಲಿ ಪುಕ್ಕಟೆ ಎಂದರೆ ಹೊಣೆಗಾರರಿಲ್ಲದ ವಸ್ತು ಎಂಬ ಅರ್ಥವೇ ಮೊದಲು ಬರುತ್ತದೆ. ಹಾಗೆಂದು ‘ಮುಕ್ತ’ ಎಂದು ಬರೆದರೂ ಸಾಲದು, ಏಕೆಂದರೆ ಅದನ್ನು ಓದಿದವರಿಗೆ ಮುಕ್ತ ವಿಶ್ವವಿದ್ಯಾಲಯದ ನೆನಪಾಗುತ್ತದೆ. ಪರವಾನಗಿಯ ಮಾತು ‘ಪರಿಚಯ’ದ ಪುಟದಲ್ಲಿರಲಿ, ಅಡಿಬರಹದಲ್ಲಿ ಬೇಡ.

ಅಡಿಬರಹವನ್ನು ಬರೆಯುವ ಮೊದಲು ಅದು ಯಾರ ಕಿವಿಗೆ ಎಂಬುದು ನಿಶ್ಚಯವಾಗಬೇಕು. ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನ ‘ಕೋಡ್ ಈಸ್ ಪೊಯೆಟ್ರಿ’ (ಸಂಕೇತವೇ ಕಾವ್ಯ) ಎಂಬ ಮಾತು ಸಂಕೇತ ಬರೆಯುವವರನ್ನು ಒಲಿಸುತ್ತದೆ. ಅಂಗಡಿಯ ಜಾಲತಾಣ ಮಾಡಿಕೊಳ್ಳಬೇಕೆಂದಿರುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕಂಪ್ಯೂಟರನ್ನು ನಡೆಸುವ ಮುಕ್ತ ತಂತ್ರಾಂಶ ಲಿನಕ್ಸ್‌ನ ಒಂದು ರೂಪವಾದ ಉಬುಂಟು ತನ್ನನ್ನು ‘ಲಿನಕ್ಸ್ ಫಾರ್ ಹ್ಯೂಮನ್ ಬೀಯಿಂಗ್ಸ್’ (ಮನುಷ್ಯರಿಗಾಗಿ ಲಿನಕ್ಸ್) ಎಂದು ಕರೆದುಕೊಂಡಾಗ, ಲಿನಕ್ಸ್ ಪಂಡಿತರ ಸ್ವತ್ತೆಂಬ ಅಂಜಿಕೆಗೆ ನೇರವಾಗಿ ಉತ್ತರ ಕೊಟ್ಟಿತು. ನಿಮಗೆ ಬೇಕಾಗಿರುವುದು ಈ ಎರಡನೆಯ ಬಗೆ.

ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸುವುದಂತೂ ಬೇಡವೇ ಬೇಡ. ಲಿನಕ್ಸ್‌ನ ಇನ್ನೊಂದು ರೂಪವಾದ ಫೆಡೋರಾ ಯೋಜನೆಯ ನಾಲ್ಕು ಆಧಾರಗಳು ಫ್ರೀಡಂ, ಫ್ರೆಂಡ್ಸ್, ಫೀಚರ್ಸ್, ಫಸ್ಟ್. ಅವುಗಳ ಸೊಗಸೆಲ್ಲ ಮೊದಲ ಅಕ್ಷರದಲ್ಲಿದೆ. ಸ್ವಾತಂತ್ರ್ಯ, ಸ್ನೇಹ ಎಂದು ಎರಡು ಹೆಜ್ಜೆ ಬರುವಷ್ಟರಲ್ಲಿ ಕನ್ನಡದಲ್ಲಿ ಆ ದಾರಿ ಮುಗಿಯುತ್ತದೆ. ನಮ್ಮ ಕಿವಿ ಪಳಗಿರುವುದು ಎರಡನೆಯ ಅಕ್ಷರದ ಪ್ರಾಸಕ್ಕೆ. ‘ಕೋಶ ಓದು, ದೇಶ ಸುತ್ತು’ ಎಂಬ ಗಾದೆಯನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ: ನಾಲ್ಕೇ ಪದ, ಕೋಶಕ್ಕೆ ದೇಶ ಕೂಡುತ್ತದೆ, ಒಮ್ಮೆ ಕೇಳಿದವರು ಮರೆಯುವುದಿಲ್ಲ. ನಾಲ್ಕೈದು ಗ್ರಂಥಪಾಲಕರನ್ನು ಕೂರಿಸಿಕೊಂಡು, ಈ ಕೆಲಸದಲ್ಲಿ ಅವರಿಗೆ ಹೆಚ್ಚು ಬೇಸರ ತರುವುದು ಯಾವುದೆಂದು ಕೇಳಿ, ಅವರು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಿ. ಆ ಬರಹದಿಂದಲೇ ಅಡಿಬರಹ ಹುಟ್ಟಬೇಕು. ಮತ ಹಾಕಿಸುವುದಾದರೆ ಈ ಪರೀಕ್ಷೆಯನ್ನು ದಾಟಿದ ಎರಡು ಮೂರರ ನಡುವೆ ಮಾತ್ರ ಹಾಕಿಸಿ; ನಲವತ್ತರ ನಡುವೆ ಹಾಕಿಸಿದರೆ ಯಾರಿಗೂ ಬೇಡವಾಗದ್ದು ಗೆಲ್ಲುತ್ತದೆಯೇ ಹೊರತು ಒಳ್ಳೆಯದು ಗೆಲ್ಲುವುದಿಲ್ಲ.

ಅಚ್ಚಿನ ಮನೆ, ಗದಗ-ಬೆಟಗೇರಿ

ಮೇಡಂ ಅವರು ಮಾತಿನ ಬಗ್ಗೆ ಹೇಳಿದ್ದಾರೆ, ನಾನು ಅಕ್ಷರದ ಬಗ್ಗೆ ಹೇಳುತ್ತೇನೆ. ನಮ್ಮದು ಮುದ್ರಣಾಲಯದ ಮನೆತನ. ಲಾಂಛನವೆಂದು ಜನ ತರುವ ಚಿತ್ರಗಳಲ್ಲಿ ಬಹಳಷ್ಟು ಮೊಬೈಲಿನ ಪರದೆಯ ಮೇಲೆ ಮಾತ್ರ ಚೆಂದ ಕಾಣುತ್ತವೆ. ನಿಮ್ಮ ತಂತ್ರಾಂಶದ ಲಾಂಛನ ಪುಸ್ತಕದ ಒಳಪುಟದಲ್ಲಿ ರಬ್ಬರ್ ಮುದ್ರೆಯಾಗಿ ಬೀಳುತ್ತದೆ, ಒಂದೇ ಬಣ್ಣದ ಸದಸ್ಯತ್ವ ಚೀಟಿಯ ಮೂಲೆಯಲ್ಲಿ ಬರುತ್ತದೆ, ಕಂಪ್ಯೂಟರಿನಲ್ಲಿ ಹದಿನಾರು ಪಿಕ್ಸೆಲ್ಲಿನ ಚೌಕದಲ್ಲಿ ಕೂರುತ್ತದೆ. ಈ ಮೂರೂ ಕಡೆ ಗುರುತು ಸಿಗದ ಚಿತ್ರವನ್ನು, ಅದು ಎಷ್ಟೇ ಮತ ಪಡೆದಿರಲಿ, ಬದಿಗಿಡಬೇಕು.

ಹೆಸರಿನಲ್ಲಿ ಒತ್ತಕ್ಷರ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ‘ಸ್ವಾತಂತ್ರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ: ಸಕಾರದ ಕೆಳಗೆ ವ ಒತ್ತು, ಕೊನೆಯ ತಕಾರಕ್ಕೆ ರ ಒತ್ತೂ ಯ ಒತ್ತೂ ಸೇರಿ ಬರುತ್ತವೆ. ಅವುಗಳಿಗೆ ಕೆಳಗೆ ಜಾಗ ಮಾಡಿಕೊಡಲು ಇಡೀ ಸಾಲಿನ ಅಕ್ಷರಗಳನ್ನು ಕುಗ್ಗಿಸಬೇಕಾಗುತ್ತದೆ, ಚಿಕ್ಕ ಗಾತ್ರದಲ್ಲಿ ಒತ್ತುಗಳೆಲ್ಲ ಮಸಿಯ ಚುಕ್ಕೆಗಳಾಗುತ್ತವೆ. ತಲೆಕಟ್ಟಿನಿಂದ ಬುಡದವರೆಗೆ ಒಂದೇ ಎತ್ತರದಲ್ಲಿ ನಿಲ್ಲುವ ಮೂರು ನಾಲ್ಕು ಅಕ್ಷರಗಳ ಹೆಸರನ್ನು ಹುಡುಕಿ.

ಕಸೂತಿಯ ಗೋಪುರ ಕಳಿಸಿದ ವಿದ್ಯಾರ್ಥಿನಿಯನ್ನು ಕೈಬಿಡಬೇಡಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಗವಂತಿ, ಮುರಗಿ, ನೇಗಿ, ಮೆಂತೆ ಹೊಲಿಗೆಗಳನ್ನು ಹಾಕುತ್ತಾರೆ. ಎಳೆಯ ಲೆಕ್ಕದ ಮೇಲೆ ನಿಂತ ಆ ಚಿತ್ರ ಪಿಕ್ಸೆಲ್ಲಿನ ಲೆಕ್ಕಕ್ಕೂ ಸಹಜವಾಗಿ ಹೊಂದುತ್ತದೆ. ನಮ್ಮ ತಾಯಿಯ ಇಳಕಲ್ ಸೀರೆಯ ಮೇಲಿನ ಒಂದು ಗೋಪುರವನ್ನು ನಾನೇ ಒಮ್ಮೆ ಚೌಕುಳಿ ಹಾಳೆಯ ಮೇಲೆ ಇಳಿಸಿ ನೋಡಿದ್ದೇನೆ. ಒಂದು ಗೆರೆಯೂ ಓರೆಯಾಗಲಿಲ್ಲ. ಆದರೆ ಗ್ರಂಥಾಲಯಕ್ಕೂ ಗೋಪುರಕ್ಕೂ ಏನು ಸಂಬಂಧವೆಂದು ಕೇಳಿದರೆ ಉತ್ತರವಿಲ್ಲ, ಆದ್ದರಿಂದ ಅದೇ ಹೊಲಿಗೆಯ ಲೆಕ್ಕದಲ್ಲಿ ಪುಸ್ತಕದ ಸಾಲನ್ನು ಬರೆಯಲು ಅವರಿಗೆ ಹೇಳಿ.

ಕೆಲಸದ ಮಾತು ಇನ್ನೂ ಒಂದೆರಡಿವೆ. ಲಾಂಛನವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ, ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯದ ಎಸ್‌ವಿಜಿ ಕಡತವಾಗಿಯೇ ಮಾಡಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಇವೆಲ್ಲ ಮುಕ್ತ ಫಾಂಟ್ ಪರವಾನಗಿಯಡಿ ಸಿಗುವುದರಿಂದ ಅಕ್ಷರಕ್ಕೆ ಬರವಿಲ್ಲ. ಆದರೆ ಮುದ್ರಣಾಲಯಕ್ಕೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿರಬೇಕು. ನಮ್ಮಂಥ ಎಷ್ಟೋ ಮುದ್ರಣಾಲಯಗಳು ಇಂದಿಗೂ ‘ನುಡಿ’ ಎಂಬ ಕನ್ನಡ ಬರಹದ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಕಂಪೋಸ್ ಮಾಡುತ್ತವೆ. ನಿಮ್ಮ ಯುನಿಕೋಡ್ ಸಾಲನ್ನು ಅಲ್ಲಿ ಅಂಟಿಸಿದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಬೀಳುತ್ತದೆ. ಬಣ್ಣದ ಭಿತ್ತಿಪತ್ರವಿದ್ದರೆ ಪುಟ ವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ನಾಲ್ಕು ಬಣ್ಣದ ಪಿಡಿಎಫ್ ಮಾಡಿ ಕಳಿಸಿ, ಇಲ್ಲದಿದ್ದರೆ ಪರದೆಯ ಮೇಲಿನ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗಿ ಬರುತ್ತದೆ.

ವಿದ್ಯಾನಗರದಿಂದ, ಹುಬ್ಬಳ್ಳಿ

ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಚಿತ್ರಕ್ಕೂ ಪ್ರಾಸಕ್ಕೂ ಮೊದಲು ಹೆಸರಿನ ಹಕ್ಕನ್ನು ನೋಡಿಕೊಳ್ಳಬೇಕು. ಜಾಲತಾಣಗಳನ್ನು ನೋಡಲು ಬಳಸುವ ಮುಕ್ತ ತಂತ್ರಾಂಶ ಫೈರ್‌ಫಾಕ್ಸ್ 2002ರಲ್ಲಿ ಹೊರಬಂದಾಗ ಅದರ ಹೆಸರು ಫೀನಿಕ್ಸ್. ಅದೇ ಹೆಸರಿನ ಒಂದು ಕಂಪನಿಯ ತಕರಾರಿನಿಂದ 2003ರಲ್ಲಿ ಫೈರ್‌ಬರ್ಡ್ ಆಯಿತು. ಆ ಹೆಸರಿನ ಮುಕ್ತ ದತ್ತಸಂಚಯ ಯೋಜನೆಯೊಂದು ಆಗಲೇ ಇದ್ದುದರಿಂದ 2004ರ ಫೆಬ್ರುವರಿಯಲ್ಲಿ ಮೂರನೆಯ ಬಾರಿ ಹೆಸರಿಡಬೇಕಾಯಿತು. ಆ ಮೇಲೆ ಸ್ವಯಂಸೇವಕರು ಅದನ್ನು ಎತ್ತಿ ನಿಲ್ಲಿಸಿದ ರೀತಿ ಮಾತ್ರ ನೆನಪಿಡುವಂಥದ್ದು: ಚಂದಾ ಕೂಡಿಸಿ, 2004ರ ಡಿಸೆಂಬರ್ 16ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟಗಳ ಜಾಹೀರಾತನ್ನು ಹಾಕಿಸಿ, ಅದರಲ್ಲಿ ಸುಮಾರು 10,000 ದಾನಿಗಳ ಹೆಸರುಗಳನ್ನು ಅಚ್ಚು ಮಾಡಿಸಿದರು.

ನೀವು ಹೆಸರಿಸಿದ ಕೋಹಾದ ಕಥೆ ನಿಮಗೆ ಇನ್ನೂ ಹತ್ತಿರದ್ದು. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ಹುಟ್ಟಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಆ ತಂತ್ರಾಂಶಕ್ಕೆ ಮಾವೋರಿ ಭಾಷೆಯಲ್ಲಿ ಕಾಣಿಕೆ ಎಂಬ ಅರ್ಥದ ಪದವನ್ನೇ ಹೆಸರಾಗಿ ಇಟ್ಟರು. ಆ ನೆಲದ ಮಾತನ್ನು ಜಗತ್ತಿನ ಗ್ರಂಥಪಾಲಕರು ಇಂದು ಅನುವಾದವಿಲ್ಲದೆ ಬಳಸುತ್ತಿದ್ದಾರೆ. ಕನ್ನಡದಲ್ಲಿ ಹೆಸರಿಡಬೇಕೆ ಎಂಬ ನಿಮ್ಮ ಅನುಮಾನಕ್ಕೆ ನನ್ನ ಉತ್ತರ ಇದೇ. ಆದರೆ ಅಮೆರಿಕದ ಕಂಪನಿಯೊಂದು ನ್ಯೂಜಿಲೆಂಡಿನಲ್ಲಿಯೇ ಆ ಹೆಸರನ್ನು ತನ್ನ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಮುಂದಾಯಿತು. ಅದನ್ನು ತಡೆಯಲು ಗ್ರಂಥಾಲಯದವರೂ ಬಳಕೆದಾರರೂ ಹೋರಾಡಬೇಕಾಯಿತು, 2013ರ ಕೊನೆಯಲ್ಲಿ ತೀರ್ಪು ಅವರ ಕಡೆಗೆ ಬಂದಿತು.

ನಮ್ಮ ದೇಶದಲ್ಲಿ 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ ಪ್ರಕಾರ ತಂತ್ರಾಂಶವು 9ನೆಯ ವರ್ಗದಲ್ಲಿ ಬರುತ್ತದೆ, ನೋಂದಣಿ 10 ವರ್ಷ ನಡೆಯುತ್ತದೆ. ನೋಂದಣಿಯ ಜಾಲತಾಣದಲ್ಲಿ ಹೆಸರನ್ನು ಹುಡುಕಿ ನೋಡುವುದಕ್ಕೆ ಶುಲ್ಕವಿಲ್ಲ, ಇಂದೇ ನೋಡಿ. ‘ಗ್ರಂಥಾಲಯ ತಂತ್ರಾಂಶ’ದಂಥ ಬರೀ ವರ್ಣನೆಯ ಹೆಸರಿಗೆ ಕಾಯ್ದೆಯ ಆಸರೆ ಸಿಗುವುದು ಕಷ್ಟ.

ಲಾಂಛನದ ಒಡೆತನ ಯಾರದೆಂದು ಕೇಳಿದ್ದೀರಿ. ಬರೆದುಕೊಟ್ಟವರದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಆ ಬರಹದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದೇ ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಎಣಿಸಲಾಗುತ್ತದೆ. ಬಾಯಿಮಾತಿನಲ್ಲಿ ‘ತಗೊಳ್ರೀ’ ಎಂದರೆ ಮುಗಿಯಲಿಲ್ಲ. ಅರ್ಧ ಪುಟದ ಒಪ್ಪಿಗೆ ಪತ್ರವನ್ನು ಮಾಡಿಸಿ, ರಚಿಸಿದವರ ಹೆಸರು ತಂತ್ರಾಂಶದ ಪರಿಚಯ ಪುಟದಲ್ಲಿ ಶಾಶ್ವತವಾಗಿ ಇರುತ್ತದೆ ಎಂಬ ಸಾಲನ್ನು ಅದರಲ್ಲಿ ಸೇರಿಸಿ. ಆ ವಿದ್ಯಾರ್ಥಿನಿಗೆ ಹದಿನೆಂಟು ತುಂಬಿರದಿದ್ದರೆ ಪಾಲಕರ ಸಹಿಯೂ ಬೇಕು.

ಬಳಕೆಯ ನಿಯಮಗಳನ್ನು ಒಂದೇ ಪುಟದಲ್ಲಿ ಬರೆದಿಡಿ. ನಮ್ಮೂರಿನ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವವರು ಉದ್ದಗಲದ 3:2 ಅನುಪಾತವನ್ನೂ ಬಟ್ಟೆ, ಬಣ್ಣಗಳ ಮಾನಕವನ್ನೂ ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂಬುದನ್ನು ಒಮ್ಮೆ ನೋಡಿ ಬನ್ನಿ.

ಮಾಳಮಡ್ಡಿ ಓದುಗ, ಧಾರವಾಡ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಮ್ಮ ತಂಡದ ಕಿರಿಯರೊಬ್ಬರು ಒಂದು ಸಂಶಯವನ್ನು ಎತ್ತಿದ್ದಾರೆ: ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟು ಹೆಸರಿಗೆ ಮಾತ್ರ ಬೇಲಿ ಹಾಕಿದರೆ, ಮುಕ್ತತೆಗೆ ಅದು ವಿರೋಧವಾಗುವುದಿಲ್ಲವೇ?

ಅನುವಾದಕಿ, ರಾಣೆಬೆನ್ನೂರು

ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೀಜವನ್ನು ಎಲ್ಲಿಯಾದರೂ ಬಿತ್ತಬಹುದು, ಬೇಡವೆನ್ನುವವರಿಲ್ಲ. ಬೇರೆ ಕಾಯಿಯನ್ನು ಬ್ಯಾಡಗಿ ಎಂದು ಹೆಸರು ಹೇಳಿ ಮಾರಬಾರದು ಎಂಬುದಷ್ಟೇ ಕಟ್ಟಳೆ. ಮಾರುಕಟ್ಟೆಯಲ್ಲಿ ಹೆಸರನ್ನು ನಂಬಿ ಚೀಲ ಒಯ್ಯುವವರಿಗೆ ಅದರಿಂದ ರಕ್ಷಣೆ.

ವಿದ್ಯಾನಗರದಿಂದ, ಹುಬ್ಬಳ್ಳಿ

ಅದು ಸರಿ. ಜಿಪಿಎಲ್ ಮೂರನೆಯ ಆವೃತ್ತಿಯ 7ನೆಯ ಕಲಮಿನಲ್ಲಿಯೂ ಹೆಸರಿನ ಹಕ್ಕನ್ನು ಉಳಿಸಿಕೊಳ್ಳಲು ಅವಕಾಶವಿದೆ. ಬೇಲಿ ಬಿಗಿಯಾಗಬಾರದು ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಫೈರ್‌ಫಾಕ್ಸ್ ಎಂಬ ಹೆಸರನ್ನು ಅದರ ಅಧಿಕೃತ ಲಾಂಛನದೊಂದಿಗೇ ಬಳಸಬೇಕೆಂಬ ನಿಯಮಕ್ಕೂ, ಲಿನಕ್ಸ್‌ನ ಮತ್ತೊಂದು ರೂಪವಾದ ಡೆಬಿಯನ್‌ನವರ ಮುಕ್ತತೆಯ ನಿಯಮಗಳಿಗೂ ಹೊಂದದೆ, 2006ರಿಂದ 2016ರವರೆಗೆ ಡೆಬಿಯನ್‌ನಲ್ಲಿ ಅದೇ ತಂತ್ರಾಂಶ ಐಸ್‌ವೀಸಲ್ ಎಂಬ ಹೆಸರಿನಲ್ಲಿ ಇರಬೇಕಾಯಿತು. ಡೆಬಿಯನ್ ತನ್ನದೇ ಸುರುಳಿ ಲಾಂಛನವನ್ನು ಎಲ್ಲರೂ ಬಳಸಬಹುದಾದ ಒಂದು ರೂಪದಲ್ಲಿ, ತನ್ನ ಅಧಿಕೃತ ಬಳಕೆಗೆ ಮೀಸಲಾದ ಇನ್ನೊಂದು ರೂಪದಲ್ಲಿ ಇಟ್ಟುಕೊಂಡಿತ್ತು. ನೀವೂ ಹಾಗೆ ಮಾಡಬಹುದು.

ಮಾಳಮಡ್ಡಿ ಓದುಗ, ಧಾರವಾಡ

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಐವರು ಗ್ರಂಥಪಾಲಕರೊಂದಿಗೆ ಕುಳಿತು ಮಾತನಾಡಿದೆವು. ಅವರಲ್ಲಿ ಯಾರೂ ಜ್ಞಾನವನ್ನಾಗಲಿ ಪ್ರಕಾಶವನ್ನಾಗಲಿ ಹೆಸರಿಸಲಿಲ್ಲ. ಎಲ್ಲರ ಚಿಂತೆ ಒಂದೇ: ಒಯ್ದ ಪುಸ್ತಕ ತಿರುಗಿ ಬರುವುದಿಲ್ಲ, ತಪಾಸಣೆಗೆ ಬಂದವರು ಕೇಳಿದಾಗ ತೋರಿಸಲು ಬರಹವಿರುವುದಿಲ್ಲ. ಅವರ ಮಾತುಗಳನ್ನು ಬರೆದುಕೊಂಡು ಬಂದ ಮೇಲೆ ‘ಕೊಟ್ಟದ್ದು ಗೊತ್ತು, ಬಂದದ್ದು ಗೊತ್ತು’ ಎಂಬ ಅಡಿಬರಹ ನಿಂತಿತು. ಅಚ್ಚಿನ ಮನೆಯವರಿಗೆ ಇದರಲ್ಲಿ ಒತ್ತಕ್ಷರ ಹೆಚ್ಚೆನಿಸಬಹುದು; ಅಡಿಬರಹವನ್ನು ಭಿತ್ತಿಪತ್ರದಲ್ಲಿ ಮಾತ್ರ ಹಾಕುವುದರಿಂದ ಅಷ್ಟನ್ನು ಒಪ್ಪಿಕೊಂಡೆವು. ಹೆಸರಿಗೆ ‘ಕೈಗಡ’, ‘ಕಪಾಟು’ ಎಂಬ ಎರಡು ಪದಗಳು ಉಳಿದಿದ್ದವು. ಕೈಗಡ ನನಗೆ ಬಹಳ ಹಿಡಿಸಿತ್ತು, ಆದರೆ ಸಾಲದ ನೆನಪು ಬೇಡವೆಂದು ಇಬ್ಬರು ಗ್ರಂಥಪಾಲಕರು ಖಚಿತವಾಗಿ ಹೇಳಿದ್ದರಿಂದ ‘ಕಪಾಟು’ ಎಂದು ತೀರ್ಮಾನಿಸಿದೆವು. ನೋಂದಣಿಯ ಪಟ್ಟಿಯನ್ನು ನೋಡುವ ಕೆಲಸ ನಡೆದಿದೆ.

ವಿದ್ಯಾರ್ಥಿನಿ ಮೂರು ಪುಸ್ತಕಗಳ ಸಾಲನ್ನು ಗವಂತಿ ಹೊಲಿಗೆಯ ಲೆಕ್ಕದಲ್ಲಿ ಬರೆದುಕೊಟ್ಟಿದ್ದಾಳೆ, ಅವಳ ತಂದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. ರಬ್ಬರ್ ಮುದ್ರೆಯ ಮೊದಲ ಮಾದರಿ ನಿನ್ನೆ ಬಂದಿತು. ಪುಸ್ತಕಗಳು ಸ್ಪಷ್ಟವಾಗಿ ಮೂಡಿವೆ, ಆದರೆ ‘ಟು’ ಅಕ್ಷರದ ಕೊಂಬಿನ ಒಳಗೆ ಮಸಿ ತುಂಬಿಕೊಳ್ಳುತ್ತಿದೆ. ಅಕ್ಷರವನ್ನು ತುಸು ಅಗಲ ಮಾಡಬೇಕೋ, ಗೆರೆಯನ್ನು ತೆಳುವಾಗಿಸಬೇಕೋ ಎಂಬುದನ್ನು ಗದಗಿನವರು ತಿಳಿಸಿದರೆ ಎರಡನೆಯ ಮಾದರಿಯನ್ನು ಅದರಂತೆಯೇ ಮಾಡಿಸುತ್ತೇವೆ.